ಫೋಟೋ ತೋರಿಸುವವಳು

ಲಕ್ವ ಹೊಡೆದ ಚಂದ್ರಮೌಳಿಯ ಮಿದುಳಿಗೆ ಮೀನಿನ ಕಾಂಡಕೋಶ, ಅಂದರೆ ಹೊಸ ಮಿದುಳು ಬೆಳೆಸುವ ಸ್ಟೆಮ್ ಸೆಲ್, ಹಾಕಿದ್ದರು. ವಾರ್ಡಿನ ತುಂಬಾ ಅಂಥವರೇ. ಪ್ರತಿ ಮಂಚದ ಪಕ್ಕದಲ್ಲೂ ಯಾರಾದರೊಬ್ಬರು ಮೊಬೈಲ್ ಹಿಡಿದು, ಹೊಸದಾಗಿ ಬೆಳೆಯುತ್ತಿದ್ದ ಮಿದುಳಿಗೆ ಮನೆಯವರ ಪರಿಚಯ ಮಾಡಿಸುತ್ತಿದ್ದರು. ಹಳೆಯ ಮುಖಗಳೆಲ್ಲ ಅಳಿಸಿಹೋಗಿ, ಕೋಶಗಳು ಒಂದು ಎರಡಾಗಿ ಒಡೆಯುತ್ತಿರುವಾಗ ಕಲಿತದ್ದಷ್ಟೇ ಉಳಿಯುತ್ತದೆ. ಹಾಗಾಗಿ ಹೆಂಡತಿ ಕುಮುದಿನಿ ಒಂದು ದಿನವೂ ತಪ್ಪಿಸಿರಲಿಲ್ಲ.

“ನಿನ್ನೆ ಸಂಜೆ ಕೋಶಗಳು ಒಡೆಯೋದು ನಿಲ್ಲಿಸಿ ಮಲಗಿಬಿಟ್ವು,” ಎಂದರು ಡಾಕ್ಟರಮ್ಮ. “ಇನ್ನು ಹೊಸಬರ ಪರಿಚಯ ಮಾಡಿಸೋಕಾಗಲ್ಲ. ಒಂದ್ಸಲ ಎಲ್ಲರ ಹೆಸರು ಕೇಳಿ ನೋಡಿ, ಮನೆಗೆ ಕರ್ಕೊಂಡು ಹೋಗಿ.”

ಅವರು ಹೋದ ಮೇಲೆ ಕುಮುದಿನಿ ಒಂದೊಂದೇ ಫೋಟೋ ಸರಿಸಿದಳು.

“ನನ್ನ ಮಗಳು ನಿಶ್ಚಿತಾ. ಇವನು ತಮ್ಮ ಓಂಕಾರ,” ಎಂದ ಚಂದ್ರಮೌಳಿ. ಸತ್ತುಹೋದ ನಾಯಿಯ ಹೆಸರನ್ನೂ ತಪ್ಪದೆ ಹೇಳಿದ. ಕುಮುದಿನಿಗೆ ಕಣ್ಣು ತುಂಬಿ ಬಂತು.

ಅವನು ದನಿ ತಗ್ಗಿಸಿದ. “ಒಂದು ಕೇಳ್ಲಾ ಸಿಸ್ಟರ್?”

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಅವಳು ನಕ್ಕಳು. ಅವನು ನಗಲಿಲ್ಲ.

“ದಿನಾ ಬಂದು ಎಲ್ಲರನ್ನೂ ತೋರಿಸಿದ್ರಿ. ನನ್ನ ಹೆಂಡತೀನ ಮಾತ್ರ ತೋರಿಸಲೇ ಇಲ್ಲ.”

ಕುಮುದಿನಿ ಗಾಬರಿಯಿಂದ ಫೋಟೋಗಳನ್ನು ಹಿಂದಕ್ಕೆ ಸರಿಸಿದಳು. ಓಂಕಾರನ ಮದುವೆಮನೆ, ಮಲ್ಪೆಯ ಸಮುದ್ರ, ನಿಶ್ಚಿತಾಳ ಹುಟ್ಟುಹಬ್ಬ. ಎಲ್ಲವನ್ನೂ ತೆಗೆದವಳು ಅವಳೇ. ಇಷ್ಟು ವರ್ಷ ಮೊಬೈಲಿನಲ್ಲಿ ತೆಗೆದದ್ದರಲ್ಲಿ ಅವಳು ಸಿಕ್ಕಿದ್ದು ಒಂದೇ ಫೋಟೋದಲ್ಲಿ, ಮೂಲೆಗೆ ಅಡ್ಡ ಬಂದ ಹೆಬ್ಬೆರಳಾಗಿ.

ಚಂದ್ರಮೌಳಿ ಅವಳ ಮುಖವನ್ನೇ ನೋಡುತ್ತಿದ್ದ.

“ತೀರ್ಕೊಂಡ್ಳಾ?” ಎಂದ. “ಪರವಾಗಿಲ್ಲ, ಹೇಳಿ ಸಿಸ್ಟರ್. ತಡ್ಕೋತೀನಿ.”