ಖಾಲಿ ಇದ್ರೆ?

ಜನಪದ ಹಾಡುಗಳ ಸಂಗ್ರಹ ಕೇಂದ್ರದ ಹಳೆಯ ಸರ್ವರನ್ನು ಆ ಸಂಜೆ ಅಳಿಸಿ ಗುಜರಿಗೆ ಹಾಕುವುದಿತ್ತು. ಅದರಲ್ಲಿದ್ದ ಹಾಡುಗಳನ್ನು ಹಾಡಿದವರು ಎಷ್ಟೋ ಮಂದಿ ಈಗ ಇಲ್ಲ. ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಒಂದು ದಿನವೂ ಹಾಡುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡುತ್ತದೆ, ಹೊಸ ಸರ್ವರಿಗೆ ಅಲ್ಲಿಂದಲೇ ತುಂಬಿಕೊಂಡರಾಯಿತೆಂಬ ಧೈರ್ಯ ಸರ್ವರ್ ನೋಡಿಕೊಳ್ಳುತ್ತಿದ್ದ ನಾಗಭೂಷಣನಿಗೆ. ಅದೇ ಸ್ಕ್ರಿಪ್ಟನ್ನು ಹೊಸ ಸರ್ವರಿಗೆ ಹಾಕುತ್ತಿದ್ದ ವಾರಿಜಾಳ ಬೆನ್ನ ಹಿಂದೆ ಅವನು ಶತಪಥ ಹಾಕುತ್ತಿದ್ದ.

"ಸರ್, ಡಿಸ್ಕಿನ ವಿಳಾಸ ಇದರಲ್ಲಿ ಬರೆದಿಲ್ವಲ್ಲ. ಹೊರಗೆ ಬೇರೆಯಾಗಿ ಟೈಪ್ ಮಾಡಿ ಕೊಡೋ ವೇರಿಯಬಲ್‌ನಿಂದ ತಗೊಳ್ಳುತ್ತೆ. ಅದು ಖಾಲಿ ಇದ್ರೆ?"

"ಯಾಕಿರುತ್ತೆ? ಹಳೇ ಸರ್ವರ್ ಬಂದ ದಿನ ನಾನೇ ಟೈಪ್ ಮಾಡಿ ಕೊಟ್ಟಿದ್ದೀನಿ. ಇವತ್ತಿನವರೆಗೂ ಎರರ್ ಬಂದಿಲ್ಲ."

"ಖಾಲಿ ಇದ್ರೂ ಬರಲ್ಲ ಸರ್. ಅದೇ ಸರ್ವರಿನೊಳಗೇ ಇನ್ನೊಂದು ಕಡೆ ನಕಲು ಮಾಡ್ಕೊಂಡು ಸುಮ್ಮನಾಗುತ್ತೆ. ಖಾಲಿ ಇದ್ರೆ ನಿಲ್ಲು ಅಂತ ಒಂದು ಸಾಲು ಸೇರಿಸ್ತೀನಿ."

"ಏನಾದ್ರೂ ಸೇರಿಸಮ್ಮ, ಬೇಗ ಮುಗಿಸು." ಅವನಿಗೆ ಫೋನ್ ಬಂತು. ಕೇಳಿಸಿಕೊಂಡು, "ಹಳೇದನ್ನ ಅಳಿಸಿ ಆಯ್ತಂತೆ" ಎಂದ.

ವಾರಿಜಾಳ ಬೆರಳುಗಳು ಕೀಬೋರ್ಡಿನ ಮೇಲೆ ನಿಂತವು. "ಟೈಪ್ ಮಾಡಿ ಕೊಟ್ಟಿದ್ದು ಸರ್ವರ್ ಆಫ್ ಮಾಡಿದ್ರೆ ಹೊರಟುಹೋಗುತ್ತೆ ಸರ್. ಯಾವತ್ತಾದ್ರೂ ಆಫ್ ಮಾಡಿದ್ರಾ?"

"ಛೆ, ಇಲ್ಲಮ್ಮ. ಬಂದ ವಾರವೇ ಆಯುಧಪೂಜೆ ಇತ್ತಲ್ಲ, ಒರೆಸಿ ಕುಂಕುಮ ಇಡೋಕೆ ಅಂತ ಅವತ್ತೊಂದೇ ದಿನ."