ಪಾಲಿಗೆ ಬಂದ ಲೋಟ

ಚಕ್ಕುಲಿಯ ಮಾತು ಬಂದರೆ ಸಾಕು, ನೆಂಟರೆಲ್ಲ ಕಿರಿಸೊಸೆಯನ್ನೇ ಹೊಗಳುತ್ತಿದ್ದರು. ಹಿರಿಸೊಸೆಗೆ ಹೊಟ್ಟೆ ಉರಿಯುತ್ತಿತ್ತು. ತೀರಿಕೊಂಡ ಅತ್ತೆ ಇಬ್ಬರಿಗೂ ಹೇಳಿಕೊಟ್ಟ ಅಳತೆ ಒಂದೇ: ನೂರು ಗ್ರಾಂ ಬೆಣ್ಣೆಗೆ ನಾಲ್ಕು ಲೋಟ ಅಕ್ಕಿಹಿಟ್ಟು. ಆದರೂ ಇವಳ ಚಕ್ಕುಲಿ ಕಲ್ಲಾಗುತ್ತಿತ್ತು.

ಒಂದು ದಿನ ತಕ್ಕಡಿ ಹಿಡಿದುಕೊಂಡೇ ವಾರಗಿತ್ತಿಯ ಮನೆಗೆ ಹೋದಳು.

"ನನ್ನ ನಾಲ್ಕು ಲೋಟ ಆರುನೂರು ಗ್ರಾಂ ತೂಗುತ್ತೆ. ನಿನ್ನದು ತೂಗು, ನೋಡೋಣ."

ತೂಗಿದರೆ ಐನೂರೂ ಇರಲಿಲ್ಲ.

"ನಂಗೊತ್ತಿತ್ತು. ಅತ್ತೆ ನಿನಗೆ ಗುಟ್ಟಾಗಿ ಬೇರೆ ಅಳತೆ ಹೇಳಿಕೊಟ್ಟಿದ್ದಾರೆ."

ಕಿರಿಯವಳು ಲೋಟವನ್ನು ಮುಂದಿಟ್ಟಳು.

"ಇಲ್ಲ ಅಕ್ಕ, ಅತ್ತೆ ಹಿಟ್ಟು ಅಳೀತಿದ್ದದ್ದು ಇದರಲ್ಲಿ. ಪಾತ್ರೆ ಪಾಲು ಮಾಡುವಾಗ, ನೆಗ್ಗಿದ ಲೋಟ ನಂಗೆ ಬೇಡ ಅಂತ ನೀವೇ ನನ್ನ ಕಡೆ ತಳ್ಳಿದ್ರಿ."