ಎಡಗಡೆಗೆ ಹತ್ತು ಸಲ

“ನಿಮ್ಮ ಮಗಳ ಮೇಲೆ ಒಂದು ದಿನಾನೂ ದನಿ ಎತ್ತಲ್ಲ ಮಾವ” ಅಂತ ಕಾಂತರಾಜು ಕುಣಿಗಲ್‌ನಲ್ಲಿ ಮದುವೆ ದಿನ ಮಾತು ಕೊಟ್ಟಿದ್ದ. ಇಪ್ಪತ್ತಾರು ವರ್ಷ ಅದನ್ನು ಉಳಿಸಿಕೊಂಡೂ ಬಂದಿದ್ದ. ಈಗ ಅದೇ ಮಗಳು, ಪಂಕಜಾ, ಅವನ ಎಡಗಡೆಗೆ ಬಂದು, ತನ್ನ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಹತ್ತು ಸಲ ಕತ್ತು ತಿರುಗಿಸಿ ಅಂದ್ರೆ ಎರಡಕ್ಕೇ ಸಾಕು ಅಂತೀರಲ್ಲ ರೀ! ಇವತ್ತೇನು ನೆಪ?”

“ಎಳೀತದೆ ಕಣೇ,” ಎಂದ ಅವನು, ಟಿವಿ ನೋಡುತ್ತಲೇ. ಬಾಯಿ ಕ್ಯಾನ್ಸರ್ ಆಪರೇಷನ್ ಆಗಿ ಐದು ತಿಂಗಳಾಗಿತ್ತು. ಗಂಟು ತೆಗೆಯೋಕೆ ಕತ್ತಿನ ಎಡಗಡೆಯನ್ನೂ ಕೊಯ್ದಿದ್ದರಿಂದ ಆ ಕಡೆಗೆ ಕತ್ತು ತಿರುಗುತ್ತಿರಲಿಲ್ಲ. ಅದು ತಿರುಗದೆ ಅವನು ತನ್ನ ಸ್ಕೂಲ್ ವ್ಯಾನ್ ಓಡಿಸುವ ಹಾಗಿರಲಿಲ್ಲ. ತಪ್ಪು ಪಂಕಜಾಳದ್ದೂ ಇತ್ತು. ಪಾಪ ಅಂತ ಟಿವಿ, ತಟ್ಟೆ, ನೀರಿನ ಚೊಂಬು, ಕೊನೆಗೆ ತನ್ನ ಕುರ್ಚಿಯನ್ನೂ ಬಲಗಡೆಗೇ ಹಾಕಿದ್ದಳು. ಅವನಿಗೆ ಎಡಕ್ಕೆ ನೋಡುವ ಕೆಲಸವೇ ಇಲ್ಲದಂತಾಗಿತ್ತು.

“ಆಯ್ತು ಬುಡಿ. ಓಡಿಸದ ವ್ಯಾನ್ ಯಾಕೆ?” ಅವಳು ನಿಂತಲ್ಲಿಂದಲೇ ಶಿರಾ ಗೇಟ್‌ನ ಬ್ರೋಕರಿಗೆ ಫೋನ್ ಮಾಡಿದಳು. “ಅಣ್ಣಾ, ನಮ್ಮ ವ್ಯಾನ್ ಮಾರ್ಬೇಕು. ನಾಳೆನೇ ಬಂದು ನೋಡಿ. ಹೂಂ, ನಮ್ಮನೆಯವ್ರು ಒಪ್ಕೊಂಡವ್ರೆ.”

“ಏಯ್! ಯಾರೇ ಒಪ್ಪಿದ್ದು? ಇಡೇ ಫೋನು!”

ಕೂಗು ಬೀದಿಯವರೆಗೂ ಕೇಳಿಸಿತು. ಪಂಕಜಾ ಫೋನ್ ಕಿವಿಯಲ್ಲಿಟ್ಟುಕೊಂಡೇ ಅವನನ್ನು ನೋಡಿದಳು. ಅವನ ಗದ್ದ ಎಡಭುಜದ ಹತ್ತಿರ ಬಂದಿತ್ತು, ಕಣ್ಣು ನೇರ ಅವಳ ಮುಖದ ಮೇಲಿತ್ತು. “ಆಮೇಲ್ ಮಾಡ್ತೀನಣ್ಣ” ಅಂತ ಫೋನ್ ಇಟ್ಟಳು. ಮಾವನಿಗೆ ಕೊಟ್ಟ ಮಾತು ಮುರಿದಿತ್ತು.